ಟೇಪಿಗಂಟಿದ ಪಿಎಚ್‌.ಡಿ.

ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗುರುಬಸವರಾಜನ ಪಿಎಚ್‌.ಡಿ. ಒಂದು ಗೇಣುದ್ದದ ಸೆಲ್ಲೋಟೇಪಿಗೆ ಅಂಟಿಕೊಂಡಿತ್ತು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಟೇಪು ಮೇಜಿನ ಮೇಲಿರಲಿಲ್ಲ.

ಟೇಪಿನ ಮೇಲಿದ್ದದ್ದು ಪೆನ್ಸಿಲ್ ಕಡ್ಡಿಯ ಜಾತಿಯ ಇಂಗಾಲದ ಕಪ್ಪು ಕಲೆ. ಅದನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಕಿತ್ತು, ಒಂದೇ ಪರಮಾಣುವಿನಷ್ಟು ತೆಳ್ಳಗೆ ಮಾಡಿದರೆ ಗ್ರಾಫೀನ್. ಅದರಲ್ಲಿ ಬಿಸಿ ಓಡುವ ಓಟಕ್ಕೆ ತಾಮ್ರವೂ ನಾಚಬೇಕು. ಎರಡು ವರ್ಷ ಕಿತ್ತರೂ ಗುರುಬಸವರಾಜನ ಪದರಗಳು ಹತ್ತರಿಂದ ಕೆಳಗಿಳಿದಿರಲಿಲ್ಲ. ಇವತ್ತು ಸಂಜೆಯೊಳಗೆ ಒಂಟಿ ಪದರ ತೋರಿಸದಿದ್ದರೆ ನೋಂದಣಿ ರದ್ದು ಎಂದು ಬಳ್ಳಾರಿಯ ಗೈಡ್ ಸಂಗೀತಾ ಮೇಡಂ ಹೇಳಿಬಿಟ್ಟಿದ್ದರು. ಉಳಿದದ್ದು ಈ ತುಣುಕೊಂದೇ.

"ಅತ್ತೀ, ಇಲ್ಲಿದ್ದ ಟೇಪ್ ಎಲ್ಲೈತ್ರಿ?"

"ಮಂಡಕ್ಕಿ ಚೀಲಕ್ಕ ಹಚ್ಚಿದ್ದೆ," ಎಂದರು ಅತ್ತೆ ನಾಗಲಿಂಗಮ್ಮ. "ಪಕ್ಕದ ಮನಿ ಹಾಲೇಶಪ್ಪ ಕೇಳಿದ, ಕಿತ್ತು ಕೊಟ್ಟೆ. ಮಸಿ ಹತ್ತಿದ ಟೇಪಿಗೆ ಯಾಕಿಷ್ಟು ಗಾಬರಿ?"

ಪಕ್ಕದ ಮನೆಯಲ್ಲಿ ಹಾಲೇಶಪ್ಪ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತ ಕೂತಿದ್ದ. "ಕನ್ನಡಕಕ್ಕ ಸುತ್ತಿದ್ದೆ, ನಿಲ್ಲಲಿಲ್ಲ. ಆಟೋ ರಾಮಾಂಜಿನಿ ಒಯ್ದ, ಕೂಡ್ಲಿಗಿ ಕಡೆ ಹೋದ. ಅದ್ಯಾಕ ಬೇಕಿತ್ರಿ?"

"ಬಿಸಿ ಹೆಂಗ ಲಗೂನ ಹರೀತೈತಿ ಅಂತ ನೋಡಾಕ."

"ಅಷ್ಟಕ್ಕ ಪಿಎಚ್‌.ಡಿ. ಯಾಕ್ರಿ? ಬಸಿಗೆ ಹಾಕ್ರಿ, ಗಳಿಗ್ಯಾಗ ಆರತೈತಿ!"

ಗುರುಬಸವರಾಜ ಬೈಕ್ ಓಡಿಸಿಕೊಂಡು ಹೋಗಿ ಕೂಡ್ಲಿಗಿಯಲ್ಲಿ ಆಟೋ ಹಿಡಿದ. ಟೇಪು ಸೈಡ್ ಕನ್ನಡಿಯನ್ನು ಹಿಡಿದುಕೊಂಡಿತ್ತು. ಕಿತ್ತ ಕೂಡಲೇ ಕನ್ನಡಿ ಜೋತುಬಿತ್ತು.

"ಹಿಂದ ಲಾರಿ ಬಂದು ಗುದ್ದಿದ್ರ ಯಾರು ಹೊಣಿ?" ಎಂದು ಒಳಗಿದ್ದ ಪ್ರಯಾಣಿಕಳು ದ್ಯಾಮಕ್ಕ ಅವನ ತೋಳು ಹಿಡಿದಳು. "ಹೊಸಹಳ್ಳಿ ಮಟ ನೀವಾ ಹಿಡ್ಕೊಂಡು ಕುಂದರ್ರಿ!"

ಪಿಎಚ್‌.ಡಿ. ಜೇಬಿನಲ್ಲಿ, ಕನ್ನಡಿ ಕೈಯಲ್ಲಿ. ಬೈಕನ್ನು ಕೂಡ್ಲಿಗಿಯಲ್ಲೇ ಬಿಟ್ಟು ಹಾಗೇ ಹೊಸಹಳ್ಳಿಗೆ ಹೋದ. ಅಲ್ಲಿಂದ ಬಸ್ಸಿನಲ್ಲಿ ಬಳ್ಳಾರಿಗೆ ಹೊರಟವನು ದಾರಿಯಲ್ಲಿ ಟೇಪು ತೆಗೆದು ನೋಡಿದರೆ ಕಪ್ಪು ಕಲೆಯೇ ಇಲ್ಲ! ಅವನಿಗೆ ಅಳುವೇ ಬಂತು.

ಸಂಗೀತಾ ಮೇಡಂ ಆ ಟೇಪನ್ನು ಸಿಲಿಕಾನ್ ಬಿಲ್ಲೆಗೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟರು.

"ಒಂದಾ ಪದರ! ಇಷ್ಟು ಚೊಕ್ಕ ನಾನೂ ನೋಡಿಲ್ಲಪಾ. ಹೆಂಗ ಮಾಡಿದಿ?"

ಗುರುಬಸವರಾಜ ಸಂತೋಷದಿಂದ ಕುಣಿಯುವುದೊಂದು ಬಾಕಿ. ಮಂಡಕ್ಕಿ ಚೀಲ, ಕನ್ನಡಕ, ಆಟೋ ಎಂದು ನಡೆದದ್ದೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟ. ಪ್ರತಿ ಸಲ ಕಿತ್ತಾಗಲೂ ಪದರಗಳು ಉದುರಿ, ಬರಿಗಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದಕ್ಕೆ ಇಳಿದಿದ್ದವು.

ಮೇಡಂ ಮುಖ ಗಂಟಾಯಿತು.

"ಎರಡು ವರ್ಷ, 'ಇನ್ನೇನು ಆತು ಮೇಡಂ' ಅಂದ್ಯಲ್ಲ, ನಂಬಿದೆ. ಇದನ್ನೂ ನಂಬಲೇನು? ಯಾರ ಲ್ಯಾಬಿಂದ ಎತ್ಕೊಂಡು ಬಂದೀ, ಖರೇ ಹೇಳು!"

ಅವನು ಮತ್ತೆ ಅದನ್ನೇ ಹೇಳಿದ. ಅವನಿಗೆ ಗೊತ್ತಿದ್ದ ಖರೇ ಅದೊಂದೇ. ಮೇಡಂ ನೋಂದಣಿ ರದ್ದು ಮಾಡಿದರು.