ದ್ವೀಪಕ್ಕೆ ಹೋಗೋರು ಮೊದಲು ತಕ್ಕಡಿ ಹತ್ತಿ

ತಕ್ಕಡಿ ಇರೋ ಕಡೆ ಜನ ಏನಾದ್ರೂ ಒಂದು ಮಾಡೇ ಮಾಡ್ತಾರೆ. ಎರಡು ವರ್ಷ ತಕ್ಕಡಿ ಪಕ್ಕದಲ್ಲೇ ನಿಂತಿದ್ದೋನು ನಾನು, ನಂಬಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಬೆಂಗಳೂರಿನ ಹಲಸೂರು ದಾಟಿ ಆಚೆ ಇರೋ ದೊಡ್ಡ ಕೆರೆಯಿಂದ ವಾರಕ್ಕೊಂದು ಸಲ ವಿಮಾನ ಹೊರಡ್ತಿತ್ತು. ನೀರಿನ ಮೇಲೇ ಓಡಿ ಏಳೋದು, ನೀರಿನ ಮೇಲೇ ಇಳಿಯೋದು. ಹೋಗ್ತಿದ್ದದ್ದು ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪಕ್ಕೆ. ಹಡಗಲ್ಲಿ ಹೋದ್ರೆ ವಾರಗಟ್ಟಲೆ ಆಗುತ್ತೆ, ಮಳೆಗಾಲದಲ್ಲಂತೂ ಹಡಗೇ ಇಲ್ಲ. ಟಿಕೆಟ್ಟಿನ ದುಡ್ಡಲ್ಲಿ ಪೆಟ್ರೋಲೂ ಹುಟ್ತಿರಲಿಲ್ಲ, ಮಿಕ್ಕಿದ್ದನ್ನ ಸರ್ಕಾರ ಕೊಡ್ತಿತ್ತು. ಇದು ದಂಡ ಖರ್ಚು, ನಿಲ್ಲಿಸಿ ಅಂತ ದಿಲ್ಲಿಯಲ್ಲಿ ಯಾರೋ ಬರೀತಾನೇ ಇದ್ರಂತೆ. ನಿಲ್ಲಿಸಿದ್ರೆ ಆ ಜನಕ್ಕೆ ಔಷಧಿ ಇಲ್ಲ, ನನಗೆ ಕೆಲಸ ಇಲ್ಲ.

ತೂಕ ಹೆಚ್ಚಾದ್ರೆ ವಿಮಾನ ಏಳಲ್ಲ. ಅದಕ್ಕೆ ಜನ, ಸಾಮಾನು ಎರಡನ್ನೂ ತೂಗೋ ಗುಮಾಸ್ತ ನಾನು. ತಕ್ಕಡಿ ದಂಡಿನ, ಅಂದ್ರೆ ಕಂಟೋನ್ಮೆಂಟಿನ, ಮಾರ್ಕೆಟ್ಟಿನ ಅಕ್ಕಿ ಮಂಡಿಯಿಂದ ಬಂದಿದ್ದು.

ಒಂದು ಕಾಲು

ದ್ವೀಪದ ಜೊತೆ ಕೊಬ್ಬರಿ ವ್ಯಾಪಾರ ಮಾಡ್ತಿದ್ದ ಸಾಹುಕಾರರೊಬ್ಬರು ಬಂದ್ರು. ತೂಗಿದ್ರೆ ಇನ್ನೂರಹತ್ತು ರಾತ್ಲು, ಅಂದ್ರೆ ಪೌಂಡು.

“ಒಬ್ಬರಿಗೆ ಇನ್ನೂರೇ, ಹತ್ತು ಜಾಸ್ತಿ ಆಯ್ತು ಸ್ವಾಮಿ,” ಅಂದೆ.

ಸಾಹುಕಾರರು ಸ್ವಲ್ಪ ಯೋಚನೆ ಮಾಡಿ, ಪಂಚೆ ಎತ್ತಿಕೊಂಡು ಒಂದೇ ಕಾಲಲ್ಲಿ ನಿಂತ್ರು. “ಈಗ ನೋಡಿ.”

ನೋಡ್ದೆ. “ಅಷ್ಟೇ ಇದೆ.”

“ಸರಿಯಾಗಿ ನೋಡ್ರೀ, ಒಂದು ಕಾಲು ಮೇಲಿದೆ.”

“ಅದೂ ನಿಮ್ಮದೇ ಅಲ್ವಾ ಸ್ವಾಮಿ.”

ಇಳಿದು, ಹಿಂದೆ ಸಾಲಲ್ಲಿ ನಿಂತಿದ್ದ ದ್ವೀಪದ ನರ್ಸಮ್ಮನಿಗೆ ಹೇಳಿದ್ರು: “ಇವರ ತಕ್ಕಡಿ ಸರಿಯಿಲ್ಲ ತಾಯಿ. ಒಂದು ಕಾಲಿಗೂ ಎರಡು ಕಾಲಿಗೂ ಒಂದೇ ರೇಟು.”

ಎಣ್ಣೆ ಸ್ನಾನ

ಹಲಸೂರಿನ ಒಬ್ಬ ಅಮ್ಮನ ಮಗ ದ್ವೀಪದ ಸ್ಕೂಲಲ್ಲಿ ಮೇಷ್ಟ್ರು. ಅಮ್ಮ ಪ್ರತಿ ವಾರ ಅವನಿಗೆ ಕಳಿಸೋಕೆ ಸಾರಿನ ಪುಡಿ ಡಬ್ಬಿ ಹಿಡಕೊಂಡು ಕೆರೆ ದಂಡೆಗೆ ಬರೋರು. ಅವರ ಲೆಕ್ಕದಲ್ಲಿ ಸರ್ಕಾರ ವಿಮಾನ ಬಿಟ್ಟಿರೋದೇ ಆ ಡಬ್ಬಿಗೆ.

ಪೈಲಟ್ಟು ದಂಡಿನ ಕಡೆಯ ಆಂಗ್ಲೋ ಇಂಡಿಯನ್ ಕ್ಯಾಪ್ಟನ್. ಮನೇಲಿ ಇಂಗ್ಲಿಷು, ಬೀದೀಲಿ ತಮಿಳು, ನಮ್ಮ ಜೊತೆ ಹೇಗೋ ಕನ್ನಡ. ಅವರಿಗೆ ಅಮ್ಮ ಹೇಳಿ ಕಳಿಸೋರು: “ಕ್ಯಾಪ್ಟನಪ್ಪಾ, ಶನಿವಾರ ಎಣ್ಣೆ ಸ್ನಾನ ಮಾಡ್ತಾನಾ ಕೇಳ್ಕೊಂಡು ಬಾ.” ಯುದ್ಧದಲ್ಲಿ ಜಪಾನಿಯರ ಗುಂಡಿನ ನಡುವೆ ವಿಮಾನ ಹಾರಿಸಿದ್ದ ಮನುಷ್ಯ ವಿಧೇಯವಾಗಿ ಕೇಳ್ಕೊಂಡು ಬರೋರು.

ಒಂದು ವಾರ ಮರೆತುಬಿಟ್ರು. ಅಮ್ಮನ ಮುಖ ನೋಡಿ, “ಮಾಡಿದ್ರಮ್ಮಾ, ಚೆನ್ನಾಗಿ ಮಾಡಿದ್ರು,” ಅಂದ್ರು.

“ಸುಳ್ಳು ಹೇಳ್ಬೇಡ. ಎಣ್ಣೆ ಮುಗಿದು ಹದಿನೈದು ದಿನ ಆಯ್ತು ಅಂತ ನೀನೇ ತಂದ ಕಾಗದದಲ್ಲಿ ಬರೆದಿದಾನೆ.”

ಆಮೇಲೆ ಕ್ಯಾಪ್ಟನ್ ನನ್ನ ಪಕ್ಕಕ್ಕೆ ಕರೆದು, “ಜಪಾನಿಯೋರು ವಾಸಿ ಮ್ಯಾನ್,” ಅಂದ್ರು.

ಪಾಪ

ಕಣ್ಣಿನ ಆಪರೇಷನ್ನಿಗೆ ದ್ವೀಪದಿಂದ ಒಬ್ಬ ತಾತ ಬಂದಿದ್ರು. ಪಟ್ಟಿ ಬಿಚ್ಚಿದ ಮೇಲೆ ನಾನೇ ಊರು ತೋರಿಸ್ದೆ. ಮಾರ್ಕೆಟ್ಟು, ಜಟಕಾ, ನಲ್ಲಿ ಮುಂದೆ ಸಾಲಾಗಿ ನಿಂತ ಕೊಡ, ಎಲ್ಲಾ ನೋಡಿದ್ರು. ಕೆರೆ ಹತ್ರ ವಾಪಸ್ ಬಂದಾಗ ಕ್ಯಾಪ್ಟನ್ ಹತ್ರ ತಮಿಳಲ್ಲಿ ಏನೋ ಕೇಳಿದ್ರು. ಕ್ಯಾಪ್ಟನ್ ನಗ್ತಾ ನನಗೆ ಹೇಳಿದ್ರು:

“ಸಮುದ್ರ ಬಿಟ್ಟು ಇಷ್ಟು ದೂರ ಬಂದು ಯಾಕೆ ಇದೀರಾ ಅಂತ ಕೇಳ್ತಿದಾರೆ. ನಮ್ಮ ದ್ವೀಪದಿಂದ ನಿಮಗೆ ವಾರಕ್ಕೊಂದೇ ವಿಮಾನ ಅಂತೆ, ಪಾಪ, ಹೇಗೆ ಕಾಲ ಹಾಕ್ತೀರೋ ಅಂತಿದಾರೆ.”

ಖಾಲಿ ಸೀಟು

ಕೊನೆಗೆ ದಿಲ್ಲಿಯಿಂದ ಆಫೀಸರು ಬಂದೇ ಬಂದ್ರು. ಮೈಸೂರು ಕಡೆಯೋರೇ. ವಿಮಾನ ಇರ್ಬೇಕಾ ಬೇಡ್ವಾ ಅನ್ನೋದು ಅವರು ಬರೆದ ಹಾಗೆ. ದ್ವೀಪಕ್ಕೇ ಹೋಗಿ ನೋಡ್ಕೊಂಡು ಬರ್ತೀನಿ ಅಂದ್ರು. ಜೊತೆಗೆ ಎರಡು ಟ್ರಂಕು.

“ಇದರಲ್ಲೇನು ಸಾರ್?”

“ಈ ವಿಮಾನದಿಂದ ಆಗ್ತಿರೋ ನಷ್ಟದ ಫೈಲು.”

ತೂಗ್ದೆ. “ನಷ್ಟ ಎಂಬತ್ತು ರಾತ್ಲು ಸಾರ್. ಅಷ್ಟು ಹೊರೋದು ಕಷ್ಟ.”

ಆಫೀಸರು ಕೇಳ್ಲಿಲ್ಲ. ಒಳಗೆ ಹೋಗಿ ಕೂತು, “ಎರಡು ಸೀಟು ಖಾಲಿ” ಅಂತ ಬರ್ಕೊಂಡ್ರು. ಸೀಟು ಖಾಲಿ ಇದ್ರೂ ತೂಕ ಭರ್ತಿ ಸಾರ್, ಔಷಧಿ ಪೆಟ್ಟಿಗೆ ಇದೆ, ಟಪಾಲು ಇದೆ ಅಂದೆ. “ನನಗೆ ಹೇಳಿಕೊಡ್ಬೇಡಿ,” ಅಂದ್ರು.

ಭಾರ ಹೊತ್ತು ಏಳೋಕೆ ಎದುರುಗಾಳಿ ಬೇಕು, ಅವತ್ತು ಒಂದು ಎಲೇನೂ ಅಲುಗಾಡ್ತಿರಲಿಲ್ಲ. ವಿಮಾನ ಈ ದಂಡೆಯಿಂದ ಆ ದಂಡೆಗೆ ಓಡಿತು, ಏಳ್ಲಿಲ್ಲ. ತಿರುಗಿ ಓಡಿತು. ಮೂರನೇ ಸಲಕ್ಕೆ ನಡುನೀರಲ್ಲಿ ನಿಂತ್ಬಿಡ್ತು. ನಾನು ತೆಪ್ಪ ಹತ್ತಿದೆ. ಡಬ್ಬಿಗೆ ಏನಾಗುತ್ತೋ ಅಂತ ಹಲಸೂರಿನ ಅಮ್ಮನೂ ಹತ್ತಿದ್ರು.

ಕ್ಯಾಪ್ಟನ್ ತಲೆ ಹೊರಗೆ ಹಾಕಿ, “ಯಾರಾದ್ರೂ ಇಳೀಬೇಕು,” ಅಂದ್ರು.

ನರ್ಸಮ್ಮ ಇಳಿಯೋ ಹಾಗಿಲ್ಲ, ದ್ವೀಪದಲ್ಲಿ ಇಬ್ಬರಿಗೆ ದಿನ ತುಂಬಿತ್ತು. ಔಷಧಿ ಇಳಿಸೋ ಹಾಗಿಲ್ಲ. ಟಪಾಲು ಸರ್ಕಾರದ್ದು. ಆಫೀಸರ ಕಣ್ಣು ಡಬ್ಬಿ ಮೇಲೆ ಬಿತ್ತು.

“ಅದು ಮೂರೇ ರಾತ್ಲು,” ಅಂದ್ರು ಅಮ್ಮ ತೆಪ್ಪದಿಂದಲೇ. “ನೀವು ಅಲ್ಲಿಗೆ ಯಾಕಪ್ಪಾ ಹೊರಟಿರೋದು?”

“ಈ ವಿಮಾನ ಯಾರಿಗಾದ್ರೂ ಬೇಕಾ ಅಂತ ನೋಡೋಕೆ.”

“ನೋಡಿದ್ರಲ್ಲ. ಇನ್ನು ಇಳೀರಿ.”

ಆಫೀಸರು ಒಂದು ನಿಮಿಷ ನರ್ಸಮ್ಮನ ಕಡೆ ನೋಡಿದ್ರು, ಔಷಧಿ ಪೆಟ್ಟಿಗೆ ಕಡೆ ನೋಡಿದ್ರು. ಇಳಿದ್ರು. ಟ್ರಂಕೂ ಇಳಿದ್ವು. ತೆಪ್ಪ ನೀರಿಗೆ ಎರಡು ಬೆರಳು ತಗ್ಗಿತು. ತೆಪ್ಪದೋನು ನನ್ನ ಕೇಳ್ದ, “ಇವರನ್ನ ತೂಗಿದ್ರಾ ಸಾಮಿ?”

ವಿಮಾನ ಒಂದೇ ಓಟಕ್ಕೆ ಎದ್ದು ಹೋಯ್ತು.

ಎರಡು ತಿಂಗಳಿಗೆ ರಿಪೋರ್ಟಿನ ಕಾಪಿ ನಮಗೂ ಬಂತು. ವಿಮಾನ ಮುಂದುವರಿಸಬಹುದು ಅಂತ ಬರೆದಿದ್ರು. ಪುಣ್ಯಾತ್ಮರು ಪ್ರಾಮಾಣಿಕರು, ಕಾಲಂ ಒಂದನ್ನೂ ಬಿಟ್ಟಿರಲಿಲ್ಲ.

ಖಾಲಿ ಹೋದ ಸೀಟು: ಮೂರು.

ಕಾರಣ: ಜಾಗ ಇರಲಿಲ್ಲ.