ಕಾಶಿಯಲ್ಲಿ ಬಿಟ್ಟು ಬಂದದ್ದು

ಶಂಕರೆಪ್ಪ ಮಾಸ್ತರರ ಫಜೀತಿಗೆಲ್ಲ ಮೂಲ ಒಂದು ಚೆಂಡುಹೂವಿನ ಹಾರ.

ಕಾಶಿಗೆ ಹೋಗಿ ಬರುತ್ತೇನೆಂದು ಊರಿಗೆಲ್ಲ ಹೇಳಿ ಹೊರಟಿದ್ದ ಅವರು ಎರಡು ವಾರ ಬಿಟ್ಟು ಸೊಲ್ಲಾಪುರದ ಬಸ್ಸಿನಿಂದ ಸಿಂದಗಿಯಲ್ಲಿ ಇಳಿದಾಗ ಓಣಿಯ ಮಂದಿ ಹಲಗೆ ಬಾರಿಸುತ್ತ ನಿಂತಿದ್ದರು. ಮಾಸ್ತರರು ಬಾಯಿ ತೆರೆಯುವ ಮೊದಲೇ ಕೊರಳಿಗೆ ಹಾರ ಬಿತ್ತು. ಪಕ್ಕದ ಮನೆಯ ಲಕ್ಕವ್ವ ಕಾಲಿಗೆ ಬಿದ್ದಳು. ಯಾರೋ ಚೀಲಕ್ಕೆ ಕೈಹಾಕಿ ಗಂಗೆಯ ಗಿಂಡಿ ಹೊರತೆಗೆದು "ಹರಹರ ಮಹಾದೇವ" ಎಂದು ಕೂಗಿದರು. ಬಸ್ಸಿನ ಕಂಡಕ್ಟರ ನಬಿಲಾಲ ಮಾತ್ರ ಒಂಥರಾ ನಕ್ಕು ಸೀಟಿ ಊದಿದ.

ಆ ಗಿಂಡಿ ಮಾಸ್ತರರ ತಂಗಿಯದು. ಸೊಲ್ಲಾಪುರದ ತನ್ನ ಮನೆಯ ದೇವರ ಜಗಲಿಯಿಂದ ತೆಗೆದು ಅತ್ತಿಗೆಗೆ ಕೊಡು ಎಂದು ಕಳಿಸಿದ್ದಳು. ಮಾಸ್ತರರು ಸೊಲ್ಲಾಪುರ ದಾಟಿ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಅಲ್ಲಿಯ ಯಾತ್ರೆಯ ಮಂದಿಯ ಜೊತೆ ರೈಲು ಹತ್ತಬೇಕಿತ್ತು. ಹಿಂದಿನ ಸಂಜೆ ಸ್ಟೇಶನ್ನಿನ ಎದುರು ತಿನ್ನಬಾರದ್ದೆಲ್ಲ ತಿಂದು, ಬೆಳಗಾಗುವುದರೊಳಗೆ ಹೊಟ್ಟೆ ಹಿಡಿದುಕೊಂಡು ತಂಗಿಯ ಮನೆಯಲ್ಲಿ ಮಲಗಿದರು. ಯಾತ್ರೆ ಹೋಯಿತು, ಮಾಸ್ತರರು ಉಳಿದರು. ಡಾಕ್ಟರು ಬಂದು ಏನೇನೋ ಹೇಳಿ ಹೋದರು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳುತ್ತ ಕೂತರೆ ಬದುಕಿ ಮಾಡುವುದೇನು ಎಂದು ಮಾಸ್ತರರು ಆ ಮಾತನ್ನು ಅಲ್ಲಿಯೇ ಬಿಟ್ಟು ಊರಿಗೆ ಬಂದಿದ್ದರು.

ಇದನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಹೇಳಿಬಿಡಬೇಕಿತ್ತು. ಹೇಳಲೆಂದು ಬಾಯಿಯನ್ನೂ ತೆರೆದರು. ಆದರೆ ಕೊರಳಲ್ಲಿ ಹಾರ ಇದ್ದಾಗ ಖರೇ ಹೇಳುವುದು ಅಷ್ಟು ಸುಲಭವಲ್ಲ. ಅದೂ ಶಂಕರೆಪ್ಪ ಮಾಸ್ತರರಂಥವರಿಗೆ.

ಯಾಕೆಂದರೆ ಅವರು ಜೀವಮಾನವೆಲ್ಲ ಭೂಗೋಳ ಕಲಿಸಿದವರು. ಗೋಡೆಯ ಮೇಲಿನ ನಕಾಶೆಯಲ್ಲಿ ಅವರ ಛಡಿ ಹಿಮಾಲಯ ಹತ್ತಿತ್ತು, ಏಳು ಸಮುದ್ರ ದಾಟಿತ್ತು. ಛಡಿ ಹಿಡಿದವರು ಮಾತ್ರ ಸಿಂದಗಿಯಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಸಿಂದಗಿ. ಅವರ ಜೊತೆ ವಿಜಾಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮ್ಯಾಟ್ರಿಕ್ ಮಾಡಿದವರು ಮೂವರಿದ್ದರು. ಇಂಡಿಯ ಬಸಂತರಾಯ ರೈಲ್ವೆ ಗಾರ್ಡ ಆಗಿದ್ದವನು, ಎಪ್ಪತ್ನಾಲ್ಕರ ರೈಲು ಮುಷ್ಕರದ ಹಿಂದಿನ ವರ್ಷ ರಿಟಾಯರಾದ. ಮುದ್ದೇಬಿಹಾಳದ ಗುರಪ್ಪ ಕೋರ್ಟಿನ ಶಿರಸ್ತೇದಾರ. ಬಸವನ ಬಾಗೇವಾಡಿಯ ಫಕ್ರುದ್ದೀನ ಶಾಲೆಗಳ ಇನ್ಸ್‌ಪೆಕ್ಟರ. ನಾಲ್ವರೂ ರಿಟಾಯರಾದ ಮೇಲೆ ವರ್ಷಕ್ಕೊಮ್ಮೆ ಒಬ್ಬೊಬ್ಬರ ಊರಿನಲ್ಲಿ ಕೂಡುತ್ತಿದ್ದರು. ಊಟ ಒಂದು ನೆಪ. ವರ್ಷದಲ್ಲಿ ಯಾರು ಎಲ್ಲಿಗೆ ಹೋದರು, ಹೋದಲ್ಲಿ ಏನು ಫಜೀತಿಪಟ್ಟರು, ಅದನ್ನು ಎಲ್ಲರೂ ಹೇಳಬೇಕು. ಶಂಕರೆಪ್ಪನವರ ಪಾಳಿ ಬಂದಾಗ ಮಾತ್ರ ಬಸಂತರಾಯ ನಗುತ್ತಿದ್ದ: "ನೀ ಬಿಡೋ ಶಂಕರ್ಯಾ. ನಿನ್ನ ಛಡಿ ಎಲ್ಲಾ ತಿರಗಿ ಬಂದೈತಿ."

ಎಲ್ಲರ ಜೊತೆ ಮಾಸ್ತರರೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಅದು ಎದೆಯಲ್ಲಿ ಚುಚ್ಚುತ್ತಿತ್ತು. ಈ ವರ್ಷ ಕೂಡುವ ಪಾಳಿ ಸಿಂದಗಿಯದು. ಈ ಸಲವಾದರೂ ಗೆಳೆಯರ ನಡುವೆ ತಲೆಯೆತ್ತಿ ಒಂದು ಮಾತು ಹೇಳಬೇಕೆಂಬ ಆಸೆಗೇ ಅವರಿಗೂ ಕಾಗದ ಬರೆದು ಕಾಶಿಗೆ ಹೊರಟದ್ದು. ಹಾರ ಬಿದ್ದಾಗ ಬಾಯಿ ಮುಚ್ಚಿದ್ದೂ ಆ ಆಸೆಗೇ.

ಊರಿಗೆ ಬಂದ ಮೂರನೆಯ ದಿನ ಗೆಳೆಯರು ಬರುವವರಿದ್ದರು. ಅಂದು ಬೆಳಿಗ್ಗೆ ಅಡುಗೆಮನೆಯಿಂದ ಶೇಂಗಾ, ಗುರೆಳ್ಳು ಹುರಿದ ವಾಸನೆ ಬಂತು. ಎಣ್ಣೆಗಾಯಿ ಬದನೆ! ಮಾಸ್ತರರ ಬಾಯಲ್ಲಿ ನೀರೂರಿತು. ಬಂದಾಗಿನಿಂದ ಹೆಂಡತಿ ಕಸ್ತೂರೆವ್ವ ಪ್ರಯಾಣದ ಉಷ್ಣ ಎಂದು ಬರೀ ಮೊಸರನ್ನ ಬಡಿಸಿದ್ದಳು. ಚಹ ಕೇಳಿದರೆ ಹಾಲು ಒಡೆದಿತ್ತು. ಎಲೆ-ಅಡಿಕೆಯ ಸಂಚಿ ಎಲ್ಲಿ ಹೋಗಿತ್ತೋ, ಹುಡುಕಿದರೂ ಸಿಕ್ಕಿರಲಿಲ್ಲ. ಇವತ್ತು ಮಾತ್ರ ಹಬ್ಬ ಎಂದುಕೊಳ್ಳುವಷ್ಟರಲ್ಲಿ ಲಕ್ಕವ್ವ ಕಟ್ಟೆಗೆ ಬಂದು ಕೂತಳು.

"ಮಾಸ್ತರ್ರ, ಮೊನ್ನಿ ಗದ್ದಲದಾಗ ಕೇಳೂದ ಮರತೆ. ಕಾಶ್ಯಾಗ ಏನ ಬಿಟ್ಟ ಬಂದ್ರಿ?"

ಮಾಸ್ತರರು ತಬ್ಬಿಬ್ಬಾದರು. ಕಾಶಿಗೆ ಹೋದವರು ತಮಗೆ ಪ್ರೀತಿಯದೊಂದನ್ನು ಗಂಗೆಗೆ ಬಿಟ್ಟು ಬರಬೇಕು, ಮತ್ತೆ ಸಾಯುವ ತನಕ ಅದನ್ನು ಬಾಯಿಗಿಡಬಾರದು. ಊರಿಗೆಲ್ಲ ಗೊತ್ತಿದ್ದ ಈ ಪದ್ಧತಿ ಭೂಗೋಳದ ಪುಸ್ತಕದಲ್ಲಿ ಇರಲಿಲ್ಲವಾಗಿ ಮಾಸ್ತರರಿಗೆ ನೆನಪೇ ಆಗಿರಲಿಲ್ಲ.

"ಹಾಗಲಕಾಯಿ," ಎಂದರು.

"ಅಯ್ಯ ಶಿವನ! ಹಾಗಲಕಾಯಿ ಕಂಡ್ರ ಮಾರಿ ತಿರುವಾವ್ರು ನೀವು! ಗಂಗವ್ವಗ ಮೋಸ ಮಾಡಿ ಬಂದೀರೇನು? ಜೀವಕ್ಕ ಬೇಕಾದದ್ದ ಬಿಡಬೇಕ್ರಿ."

ಒಳಗಿನಿಂದ ಕಸ್ತೂರೆವ್ವ ಅಂದಳು: "ಚಾಷ್ಟಿ ಮಾಡಾಕತ್ತಾರ ಲಕ್ಕವ್ವ. ಇವರ ಜೀವ ಯಾವುದರಾಗ ಐತಿ ಅಂತ ನನಗ ಗೊತ್ತಿಲ್ಲೇನು? ಬದ್ನಿಕಾಯಿ ಬಿಟ್ಟಾರ. ಹೌದಲ್ರೀ?"

ಗೋಡೆಯ ಗೂಟಕ್ಕೆ ಆ ಹಾರ ಇನ್ನೂ ತೂಗುತ್ತಿತ್ತು. ಮಾಸ್ತರರು ಅದನ್ನು ನೋಡಿದರು. "ಹೌದು," ಎಂದರು.

ಇರಲಿ, ಚಹವಾದರೂ ಐತಲ್ಲ ಎಂದು ಗೆಳೆಯರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದವರು ನೇರ ಸೋಮನಿಂಗನ ಚಹದ ಅಂಗಡಿಯ ಬಾಕಿನ ಮೇಲೆ ಕೂತರು. "ಒಂದ ಖಡಕ್ ಚಾ ಮಾಡಪಾ."

ಸೋಮನಿಂಗ ಕಿವಿ ಮುಟ್ಟಿಕೊಂಡ. "ಬ್ಯಾಡ್ರಿ ಮಾಸ್ತರ್ರ, ನನಗ ಪಾಪ ಹತ್ತತೈತಿ. ನೀವು ಚಾ ಕಾಶ್ಯಾಗ ಬಿಟ್ಟ ಬಂದೀರಂತ ಓಣಿ ತುಂಬ ಸುದ್ದಿ ಐತಿ."

"ಲೇ ತಮ್ಮಾ, ನಾ ಬಿಟ್ಟದ್ದು ಬದ್ನಿಕಾಯಿ!"

"ಅದನ್ನೂ ಬಿಟ್ಟೀರಿ, ಇದನ್ನೂ ಬಿಟ್ಟೀರಿ! ಮಂದಿ ಒಂದ ಬಿಡಾಕ ಅಳತಾರ. ಎಂಥಾ ಮನಸ್ಸರಿ ನಿಮ್ದು!"

ಬಾಕಿನ ಮೇಲಿದ್ದವರೆಲ್ಲ ಕೈಮುಗಿದರು. ಸೋಮನಿಂಗ ಒಂದು ಲೋಟ ಸಪ್ಪೆ ಹಾಲು ತಂದು ಭಕ್ತಿಯಿಂದ ಎದುರಿಗಿಟ್ಟ. ಇದೆಲ್ಲ ಲಕ್ಕವ್ವನ ಬಾಯಿಯ ಕೆಲಸ ಎಂದು ಮಾಸ್ತರರು ಮನಸ್ಸಿನಲ್ಲೇ ಆಕೆಗೆ ಶಾಪ ಹಾಕುತ್ತ ಹಾಲು ಕುಡಿದರು.

ಅಷ್ಟರಲ್ಲಿ ಇಂಡಿಯ ಬಸ್ಸಿನಿಂದ ಬಸಂತರಾಯ, ಬಾಗೇವಾಡಿಯ ಬಸ್ಸಿನಿಂದ ಗುರಪ್ಪ, ಫಕ್ರುದ್ದೀನ ಇಳಿದರು. ಫಕ್ರುದ್ದೀನ ದೂರದಿಂದಲೇ ಕೈಚಾಚಿ ಬಂದು ತಬ್ಬಿಕೊಂಡ. "ಶಂಕರ್ಯಾ, ಕಡೀಕೂ ನಿನ್ನ ಛಡಿ ಸೋತತಲ್ಲೋ!"

ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತರು. ಮೊದಲ ಪಾಳಿ ಬಸಂತರಾಯನದು. ಕನ್ಯಾಕುಮಾರಿಗೆ ಹೋಗಿದ್ದನಂತೆ. "ಗಾರ್ಡನ ಕೈ, ಸುಮ್ಮನ ಇರಬೇಕಲ್ಲ? ಯಾವುದೋ ಸ್ಟೇಶನ್ನಿನ್ಯಾಗ ಗಾಡಿ ನಿಂತಿತ್ತು. ಸೆಕಿ ಅಂತ ಹೆಗಲ ಮ್ಯಾಲಿನ ಹಸರ ವಲ್ಲಿ ತಗದು ಕಿಡಕ್ಯಾಗ ಬೀಸಿದೆ. ಗಾಡಿ ಹೊಂಟಬಿಡ್ತು! ನಮ್ಮಾಕಿ ನೀರ ತುಂಬಾಕ ಕೆಳಗ ಇಳದಾಳ!"

"ಆಮ್ಯಾಲ?"

"ಆಮ್ಯಾಲ ಏನು, ಮಧುರೈಗೆ ಹಿಂದಿನ ಗಾಡ್ಯಾಗ ಬಂದ್ಳು. ಕನ್ಯಾಕುಮಾರ್ಯಾಗ ಮೂರೂ ಸಮುದ್ರದ ಕಡೆ ಮಾರಿ ಮಾಡಿದ್ಳು, ನನ್ನ ಕಡೆ ಮಾಡ್ಲಿಲ್ಲ."

ಗುರಪ್ಪ ದೂರ ಹೋದವನಲ್ಲ. ವಿಜಾಪುರದಲ್ಲಿ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬರುವಾಗ ಗೊಳಸಂಗಿ ದಾಟಿದ ಮೇಲೆ ಒಂದು ಸೀನು ಬಂದು ಸೆಟ್ಟು ಕಿಟಕಿಯಿಂದ ಹಾರಿತ್ತು. ಬಸ್ಸು ನಿಲ್ಲಿಸಿ ಇಡೀ ಬಸ್ಸಿನ ಮಂದಿ ತೊಗರಿ ಹೊಲದಲ್ಲಿ ಹುಡುಕಿದರು. "ಕಡೀಕ ಕುರಿ ಕಾಯೂ ಧೂಳಪ್ಪಗ ಸಿಕ್ಕವು. ಕೈಯಾಗ ಹಿಡಕೊಂಡ ಬಂದು, 'ಯಾರ್ವರಿ ಇವು, ಒಂದ ಸಮನ ನಗಾಕತ್ತಾವ' ಅಂದ."

ನಕ್ಕು ನಕ್ಕು ಕಣ್ಣೊರೆಸಿಕೊಂಡು, ಫಕ್ರುದ್ದೀನನ ಪಾಳಿಯನ್ನು ಆಮೇಲಿಗೆ ಬಿಟ್ಟು, ಎಲ್ಲರೂ ಶಂಕರೆಪ್ಪನವರ ಕಡೆ ತಿರುಗಿದರು. ಇಷ್ಟು ವರ್ಷಗಳಲ್ಲಿ ಅವರ ಮಾತಿಗೆ ಗೆಳೆಯರು ಹೀಗೆ ಕಾದು ಕೂತದ್ದು ಇದೇ ಮೊದಲು. ಮಾಸ್ತರರಿಗೆ ಸುಖವೂ ಆಯಿತು, ನಾಚಿಕೆಯೂ ಆಯಿತು.

"ಗಂಗಾ ನದಿ ಅಲ್ಲಿ ಉತ್ತರಕ್ಕ ತಿರಗಿ ಹರೀತೈತಿ," ಎಂದು ಶುರುಮಾಡಿದರು. ಬೆರಳು ತಾನಾಗಿಯೇ ಗೋಡೆಯ ಮೇಲೆ ಓಡಿತು. "ಮೆಕ್ಕಲ ಮಣ್ಣು. ಗೋದಿ ಭಾಳ ಬೆಳೀತಾರ. ಹವಾ ಬ್ಯಾಸಿಗ್ಯಾಗ ಅತಿ ಉಷ್ಣ, ಚಳಿಗಾಲದಾಗ..."

"ಅದಿರ್ಲೋ," ಎಂದ ಗುರಪ್ಪ. "ನೀರಾಗ ಮುಣಗಿದಾಗ ನಿನಗ ಏನ ಅನಿಸ್ತು?"

ಯಾವ ನಕಾಶೆಯಲ್ಲೂ ಇಲ್ಲದ ಪ್ರಶ್ನೆ. ಮಾಸ್ತರರಿಗೆ ಸೊಲ್ಲಾಪುರದ ಆ ಹಾಸಿಗೆ ನೆನಪಾಯಿತು. ತಂಗಿಯ ಮನೆ ಸ್ಟೇಶನ್ನಿನ ಮಗ್ಗುಲಿಗೇ ಇತ್ತು. ಹೋಗುವ ಗಾಡಿಗಳೆಲ್ಲ ಕೂಗಿ ಹೋಗುತ್ತಿದ್ದವು. ಪ್ರತಿ ಕೂಗಿಗೂ ಮುದುಕನಾದೆ, ಇನ್ನು ಎಲ್ಲಿಗೂ ಹೋಗಲಾರೆ ಎನಿಸಿ ಗೋಡೆಯ ಕಡೆ ಮುಖ ಮಾಡಿ ಅತ್ತಿದ್ದರು.

"ನಾ ಎಷ್ಟ ಸಣ್ಣಾವ ಅಂತ ಅನಿಸ್ತಪಾ," ಎಂದರು. ಕಣ್ಣು ಒದ್ದೆಯಾಗಿದ್ದವು. ಬಸಂತರಾಯ ಮೆಲ್ಲಗೆ ಅವರ ಮೊಣಕಾಲು ತಟ್ಟಿದ.

ಊಟಕ್ಕೆ ಕೂತರು. ಎಲ್ಲರ ಎಲೆಗೂ ಬದನೆಕಾಯಿ ಎಣ್ಣೆ ಸೂಸುತ್ತ ಬಂದು ಬಿದ್ದವು, ಮಾಸ್ತರರ ಎಲೆಗೆ ಹೆಸರುಬೇಳೆ. "ಆಹಾ ವೈನಿ, ಏನ ಕೈಗುಣಾರಿ!" ಎಂದು ಫಕ್ರುದ್ದೀನ ಮೂರನೆಯದಕ್ಕೆ ಕೈಚಾಚಿದ. ಮಾಸ್ತರರು ಬೇಳೆಯೊಳಗೆ ರೊಟ್ಟಿ ಅದ್ದಿ ಕಣ್ಣುಮುಚ್ಚಿ ನುಂಗಿದರು. ಪುಣ್ಯಕ್ಕೆ ಶೇಂಗಾ ಹೋಳಿಗೆ ಇತ್ತು, ಅದೊಂದು ಸಮಾಧಾನ.

ಊಟ ಮುಗಿದ ಮೇಲೆ ಎಲೆ-ಅಡಿಕೆಯ ತಟ್ಟೆ ಬಂತು. ಅದು ಬಸಂತರಾಯನ ಮುಂದೆ ನಿಂತಿತು, ಗುರಪ್ಪನ ಮುಂದೆ ನಿಂತಿತು, ಫಕ್ರುದ್ದೀನನ ಮುಂದೆ ನಿಂತಿತು. ಮಾಸ್ತರರು ಕೈ ಚಾಚಿದರೆ ತಟ್ಟೆ ನಿಲ್ಲದೆ ಒಳಗೆ ನಡೆಯಿತು.

"ಕಸ್ತೂರಿ, ನನಗ?"

"ಅಯ್ಯ, ಅದನ್ನೂ ಗಂಗಿಗೆ ಬಿಟ್ಟೀರೆಲ್ರಿ! ಲಕ್ಕವ್ವ ಹೇಳಾಕತ್ತಿದ್ಳು."

ಮಾಸ್ತರರ ತಾಳ್ಮೆ ಹರಿಯಿತು. ಗೆಳೆಯರ ಮುಂದೆ ಮರ್ಯಾದೆ ಹೋದರೆ ಹೋಗಲಿ, ಛಡಿಯ ಮಾತು ಇನ್ನೊಂದು ಜನ್ಮಕ್ಕೂ ಬರಲಿ ಎಂದು ಎದ್ದು ನಿಂತರು.

"ಲೇ, ನಾ ಕಾಶಿಗೇ ಹೋಗಿಲ್ರೋ! ಸುಳ್ಳೈತಿ ಎಲ್ಲಾ ಸುಳ್ಳೈತಿ!"

ಗುರಪ್ಪ ಚಾಳೀಸು ತೆಗೆದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಕೋರ್ಟಿನ್ಯಾಗ ಜೀವಮಾನ ಸುಳ್ಳ ಸಾಕ್ಷಿ ಕೇಳೇನಿ. ಹೋಗದಾವ ಹೋಗೇನಿ ಅಂತಾನ. ಹೋದಾವ ಹೋಗಿಲ್ಲ ಅಂದದ್ದ ಇವತ್ತ ಕೇಳಿದೆ. ಅಹಂಕಾರನೂ ಬಿಟ್ಟ ಬಂದಾನಲ್ರೋ ಇಂವ!"

"ಅಲ್ಲೋ ಮಾರಾಯ, ಸೊಲ್ಲಾಪುರದಾಗ ಹೊಟ್ಟಿ ಕೆಟ್ಟ ಮಲಗಿದ್ದೆ!"

"ಯಾತ್ರಾಕ್ಕ ಹೋದಾವ್ರಿಗೆ ಹೊಟ್ಟಿ ಕೆಡೂದ," ಎಂದು ಫಕ್ರುದ್ದೀನ ಸಮಾಧಾನ ಮಾಡಿದ. "ನಾನೂ ಅಜ್ಮೇರದಿಂದ ಬರೂ ಮುಂದ ಮಲಗಿದ್ದೆ. ಅದಕ್ಕ ಹೋದದ್ದ ಸುಳ್ಳ ಆಕ್ಕೈತೇನು?"

"ಕಸ್ತೂರಿ, ನೀನರ ಹೇಳ!"

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು. "ಬಂದಾಗಿನಿಂದ ಹಿಂಗ ಅದಾರ್ರಿ. ತಮ್ಮದಂತ ಏನೂ ಹೇಳಿಕೊಳ್ಳಾಂಗಿಲ್ಲ."

ಬಸಂತರಾಯ ಎದ್ದು ಬಂದು, ಬೆಂಚಿನ ಗೆಳೆಯನೆಂಬುದನ್ನೂ ಮರೆತು ಅವರ ಕಾಲು ಮುಟ್ಟಿದ. "ಛಡಿ ಅಂತ ಚಾಷ್ಟಿ ಮಾಡಿದ್ದೆ. ತಪ್ಪಾತಪಾ."

ಹೊತ್ತು ಇಳಿದ ಮೇಲೆ ಗೆಳೆಯರನ್ನು ಬಸ್ಸು ಹತ್ತಿಸಿ ಬಂದ ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕೂತರು. ಕಸ್ತೂರೆವ್ವ ಉಳಿದ ಹೋಳಿಗೆಯೊಂದನ್ನು ತಟ್ಟೆಯಲ್ಲಿ ತಂದುಕೊಟ್ಟು ಎದುರಿಗೆ ಕೂತಳು.

"ನಿನ್ನಾಣಿ ಮಾಡಿ ಹೇಳ್ತೇನಿ ಕಸ್ತೂರಿ. ನಾ ಖರೇನ ಹೋಗಿಲ್ಲ."

"ನನಗ ಗೊತ್ತೈತ್ರಿ."

ಮಾಸ್ತರರು ಬಾಯಿ ತೆರೆದರು.

"ನೀವು ಬರೂಕಿಂತ ಮುಂಚೇನ ನಿಮ್ಮ ತಂಗಿ ನಬಿಲಾಲನ ಕಡೆ ಸುದ್ದಿ ಹೇಳಿ ಕಳಸಿದ್ಳು. ಹೊಟ್ಯಾಗ ಹುಣ್ಣ ಆಗೈತಿ, ಬದ್ನಿಕಾಯಿ, ಚಾ, ಎಲಿ-ಅಡಿಕಿ ಮುಟ್ಟಿದ್ರ ಜೀವಕ್ಕ ಮೂಲ ಅಂತ ಡಾಕ್ಟರು ಅಂದಾರಂತ. ಕೇಳಿ ನನ್ನ ಜೀವ ಹೋಗಿ ಬಂತು. ಡಾಕ್ಟರ ಮಾತ ನೀವು ಕೇಳಾವ್ರಲ್ಲ. ನನ್ನ ಮಾತಂತೂ ಲಗ್ನ ಆದಾಗಿನಿಂದ ಕೇಳಿಲ್ಲ. ಊರ ಮಂದಿಗಷ್ಟ ಅಂಜತೀರಿ."

"ಹಂಗಾರ ಲಕ್ಕವ್ವ... ಸೋಮನಿಂಗ..."

"ನಾನ ಹೇಳಿದ್ದು."

"ಆ ಹಾರ?"

"ಹಾರಾನೂ ನಾನ ತರಿಸಿದ್ದು. ಹಲಗಿಯಾವ್ರಿಗೂ ನಾನ ಹೇಳಿ ಕಳಸಿದ್ದೆ. ನೀವು ಇರಬೇಕ್ರಿ ನನಗ. ಕಾಶಿ ಆದ್ರೇನು, ಸೊಲ್ಲಾಪುರ ಆದ್ರೇನು."

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆಯ ಮುಖ ನೋಡಿ ಅಂದರು: "ಬರೂ ವರ್ಷ ಇಬ್ರೂ ಕೂಡಿ ಖರೇನ ಕಾಶಿಗೆ ಹೋಗೂಣು. ಸುಳ್ಳಿನ ಭಾರನೂ ಇಳೀತೈತಿ."

ಕಸ್ತೂರೆವ್ವನ ಮುಖ ಅರಳಿತು. "ಹೋಗೂಣ್ರಿ! ಆದ್ರ ಮೊದಲ ಹೇಳೇನಿ, ಬಿಟ್ಟ ಮೂರು ಸೊಲ್ಲಾಪುರದ ಲೆಕ್ಕಕ್ಕ ಹೋದವು. ಖರೇ ಕಾಶಿಗೆ ಹೋದ ಮ್ಯಾಲ ಖರೇನ ಮತ್ತೊಂದ ಬಿಡಬೇಕಾಕ್ಕೈತಿ."

ಹಾಗೆ ಹೇಳುತ್ತ ಆಕೆ ಗಂಡನ ಕೈಯಲ್ಲಿದ್ದ ಶೇಂಗಾ ಹೋಳಿಗೆಯನ್ನೇ ನೋಡತೊಡಗಿದಳು. ಮಾಸ್ತರರು ಅವಸರ ಅವಸರವಾಗಿ ಅದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡರು.