ಚೆಂಬೂರಿನ ಅಂಗೈ ಕಂಪ್ಯೂಟರು

ಬೇರೆಯವರ ಆಫೀಸಿನಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ, ನಮ್ಮಲ್ಲಿ ಬೆಳಗಿನ ಚಾ ಬರುವುದರೊಳಗೆ ಒಂದು ನಡೆದುಹೋಗುತ್ತಿತ್ತು ಮಾರಾಯ್ರೆ. ಚೆಂಬೂರಿನ ಒಂದು ಹಳೇ ಬಿಲ್ಡಿಂಗಿನ ಕೆಳಗೆ ನಾವು ನಾಲ್ಕೈದು ಜನ ಸೇರಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡುತ್ತಿದ್ದೆವು, ಗೋಡೌನಿನಲ್ಲಿ ಪಾರ್ಸೆಲ್ ಲೆಕ್ಕ ಇಡಲಿಕ್ಕೆ. ಮಾದರಿಗೆಂದು ತಯಾರಾದದ್ದು ಒಂದೇ ಪೀಸ್. ಎಲ್ಲ ಸರಿ ಇತ್ತು, ಚಾರ್ಜ್ ಮಾತ್ರ ನಿಲ್ಲುತ್ತಿರಲಿಲ್ಲ.

ಅದನ್ನು ನೋಡಲು ಭಿವಂಡಿಯ ಗೋಡೌನ್ ಮಾಲೀಕರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಆರ್ಡರು, ಒಪ್ಪದಿದ್ದರೆ ಶಟರ್ ಎಳೆಯುವುದು ಅಂತ ನಮ್ಮ ಯಜಮಾನರು ಹೇಳಿಬಿಟ್ಟಿದ್ದರು. ಶಟರ್ ಎಳೆದರೆ ನನಗೆ ದಾದರಿನ ಮಾವನ ಹೋಟೆಲಿನಲ್ಲಿ ಗಲ್ಲಾದ ಕುರ್ಚಿಯೇ ಗತಿ. "ಇಂಜಿನಿಯರ್ ಸಾಹೇಬ್ರೇ, ಚಿಲ್ಲರೆ ಕೊಡಿ" ಅಂತ ಮಾವ ಗಿರಾಕಿಗಳೆದುರು ಕೂಗುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಗ್ರಿಪ್ಪು

ಒಂದು ಬೆಳಿಗ್ಗೆ ಯಜಮಾನರು ಯಂತ್ರವನ್ನು ಕೈಗೆತ್ತಿಕೊಂಡು ಅದರ ಬೆನ್ನು ಸವರಿದರು.

"ವಾಹ್! ಹಿಂದುಗಡೆ ಈ ಉಬ್ಬು ಯಾರ ಐಡಿಯಾ? ಅಂಗೈಯಲ್ಲಿ ಎಷ್ಟು ಚಂದ ಕೂತುಕೊಳ್ತದೆ!"

"ಸರ್, ಅದು ಬ್ಯಾಟರಿ ಊದಿಕೊಂಡಿರುವುದು."

"ನೀವು ಒಂದು, ಯಾವಾಗಲೂ ನೆಗೆಟಿವ್."

"ಹಾಗಲ್ಲ ಸರ್, ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು."

ಯಜಮಾನರು ಅದನ್ನು ಬಹಳ ಪ್ರೀತಿಯಿಂದ ನನ್ನ ಕೈಗಿಟ್ಟರು. ಬಾಗಿಲಾಚೆ ಹೋಗಿ ನಿಂತು, ಅಲ್ಲಿಂದಲೇ ಹೇಳಿದರು, "ಬ್ಯಾಟರಿ ಬದಲಾಯಿಸಿ. ಉಬ್ಬು ಮಾತ್ರ ಹಾಗೇ ಇರಲಿ."

ನೂರಕ್ಕೆ ನೂರು

ಹೊಸ ಬ್ಯಾಟರಿ ಬಂತು. ಅದೂ ಅರ್ಧ ಗಂಟೆಯಲ್ಲಿ ಮಲಗಿತು. ಚಾರ್ಜಿಂಗ್ ಚಿಪ್ ಬಿಸಿಯಾಗುತ್ತಿದೆ, ಅದನ್ನೇ ಬದಲಾಯಿಸೋಣ ಅಂದೆ. ನನ್ನ ಮಾತು ಯಾರಿಗೆ ಬೇಕು? ಲ್ಯಾಪ್‌ಟಾಪಿನ ತುಂಬ ಸ್ಟಿಕರ್ ಅಂಟಿಸಿಕೊಂಡಿದ್ದ ನಮ್ಮ ಸಾಫ್ಟ್‌ವೇರಿನವನು, "ನೀವು ಏನೂ ಮುಟ್ಟಬೇಡಿ, ನಾನು ಸಾಫ್ಟ್‌ವೇರಿನಲ್ಲೇ ಫಿಕ್ಸ್ ಮಾಡ್ತೇನೆ" ಅಂದ.

ಸಂಜೆಗೆ ಪರದೆಯ ಮೇಲೆ ಚಾರ್ಜು ನೂರಕ್ಕೆ ನೂರು! ಯಜಮಾನರು ಪೇಢಾ ತರಿಸಿದರು. ನಾನು ಯಂತ್ರ ಹಿಡಿದು ಕೂತೆ. ಕಾಲು ಗಂಟೆಯಾದರೂ ನೂರು. ಇನ್ನೂ ಸ್ವಲ್ಪ ಹೊತ್ತಾದರೂ ನೂರು. ನೂರು ತೋರಿಸುತ್ತಲೇ ಪರದೆ ಕಪ್ಪಾಯಿತು.

"ಏನಪ್ಪ ಇದು?"

"ನಂಬರ್ ಇಳಿಯೋದು ನೋಡಿದ್ರೆ ಗಿರಾಕಿಗೆ ಟೆನ್ಷನ್ ಆಗ್ತದಲ್ಲ, ಅದಕ್ಕೆ ನೂರರಲ್ಲೇ ನಿಲ್ಲಿಸಿಬಿಟ್ಟೆ."

"ಮತ್ತೆ ಬಂದ್ ಬಿತ್ತಲ್ಲ?"

"ಅದು ಹಾರ್ಡ್‌ವೇರು. ನಿಮ್ಮ ಡಿಪಾರ್ಟ್‌ಮೆಂಟು," ಅಂತ ಹೇಳಿ ಇನ್ನೊಂದು ಪೇಢಾ ಬಾಯಿಗೆ ಹಾಕಿಕೊಂಡ.

ಕಿಟಕಿ ಸೀಟು

ಕೊನೆಗೆ ಚಿಪ್ ಬದಲಾಯಿಸುವುದೆಂದಾಯಿತು. ಅದನ್ನು ಮಾಡಿಕೊಡುವವರು ಇದ್ದದ್ದು ದಾದರಿನಲ್ಲಿ. ಮುಚ್ಚಳ ಬಿಚ್ಚಿದ ಯಂತ್ರ, ಹೊರಗೆ ನೇತಾಡುವ ವಯರು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಪವರ್ ಬ್ಯಾಂಕು, ಮಿಣುಕುವ ಕೆಂಪು ದೀಪ. ಇಷ್ಟನ್ನು ಮಡಿಲಲ್ಲಿಟ್ಟುಕೊಂಡು ಕುರ್ಲಾದಲ್ಲಿ ಲೋಕಲ್ ಹತ್ತಿ, ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅಂಚಿಗೆ ಕೂತೆ.

ಪಕ್ಕದವರು ನೋಡಿದರು. "ಯೇ ಕ್ಯಾ ಹೈ, ಭಾಯ್‌ಸಾಬ್?"

"ನಾವೇ ಮಾಡಿದ್ದು," ಅಂತ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದೆ.

"ಇನ್ನೂ ಎಷ್ಟು ಹೊತ್ತು?"

ನಾನು ಬ್ಯಾಟರಿಯ ಮಾತು ಅಂದುಕೊಂಡು, "ಹತ್ತು ನಿಮಿಷ. ಗ್ಯಾರಂಟಿ ಇಲ್ಲ, ಮೊದಲೂ ಹೋಗಬಹುದು" ಅಂದೆ.

ಸಾಯನ್ ಸ್ಟೇಷನ್ ಬರುವಷ್ಟರಲ್ಲಿ ನನ್ನ ಬೆಂಚೂ ಖಾಲಿ, ಎದುರಿನ ಬೆಂಚೂ ಖಾಲಿ. ಬಾಂಬು ಅಂದುಕೊಂಡಿದ್ದರು ಅಂತ ನನಗೆ ತಡವಾಗಿ ಹೊಳೆಯಿತು. ಕಿಟಕಿಗೆ ಸರಿದು ಕಾಲು ಚಾಚಿ ದಾದರ್ ತಲುಪಿದೆ. ಮರುದಿನ ಆಫೀಸಿನಲ್ಲಿ ಈ ಕತೆ ಹೇಳಿದ್ದೇ ತಡ, ಜನ್ಮದಲ್ಲಿ ಹಾರ್ಡ್‌ವೇರ್ ಮುಟ್ಟದ ಸಾಫ್ಟ್‌ವೇರಿನವನು ಬಂದು, "ಇವತ್ತು ಅದನ್ನು ನಾನು ಮನೆಗೆ ಒಯ್ಯಲಾ?" ಅಂದ.

ಮಾಲೀಕರು ಬಂದರು

ಹೊಸ ಚಿಪ್ ಹಾಕಿದ ಮೇಲೆ ಅರ್ಧ ಗಂಟೆ ಇದ್ದದ್ದು ಐದು ನಿಮಿಷಕ್ಕೆ ಇಳಿಯಿತು. "ಸರ್, ಒಂದು ವಾರ ಟೈಮ್ ಕೇಳಿ, ಬೋರ್ಡೇ ಹೊಸದು ಮಾಡ್ತೇನೆ," ಅಂತ ಅಂಗಲಾಚಿದೆ. "ಐಡಿಯಾ ಉಂಟು," ಅಂದರು ಯಜಮಾನರು. ಮಾಲೀಕರು ಬರುವ ದಿನ, ಮೇ ತಿಂಗಳ ಮುಂಬೈಯಲ್ಲಿ ಕೋಟು ಹಾಕಿಕೊಂಡು ಬಂದರು. ಒಳಜೇಬಿನಲ್ಲಿ ಪವರ್ ಬ್ಯಾಂಕು, ತೋಳಿನೊಳಗಿಂದ ವಯರು, ಅಂಗೈಯಲ್ಲಿ ಕಂಪ್ಯೂಟರು. ದೇವರೇ ಕಾಪಾಡಬೇಕು ಅಂದುಕೊಂಡೆ.

ಗೋಡೌನ್ ಮಾಲೀಕರು ವಿಜಯಪುರದ ಕಡೆಯವರು. ಹಮಾಲಿ ಮಾಡಲು ಮುಂಬೈಗೆ ಬಂದು ಗೋಡೌನ್ ಕಟ್ಟಿದವರು. ಯಂತ್ರ ಪಾರ್ಸೆಲ್ಲುಗಳನ್ನು ಪಟಪಟ ಓದುವುದನ್ನು ನೋಡಿ ಖುಷಿಯಾದರು.

"ಭಾರೀ ಐತಲ್ರೀ! ಕೊಡ್ರಿಲ್ಲೆ, ನೋಡೂಣು."

ಯಜಮಾನರು ಕೈ ಚಾಚಿದರು, ಬಿಡಲಿಲ್ಲ. ಮಾಲೀಕರು ಎಳೆದರು. ಯಂತ್ರದ ಹಿಂದೆಯೇ ಯಜಮಾನರೂ ಹೋದರು. ಬೆಳಕಿನಲ್ಲಿ ನೋಡುತ್ತೇನೆಂದು ಅವರು ಕಿಟಕಿಗೆ ಹೋದರೆ ಇವರೂ ಕಿಟಕಿಗೆ. ಅವರು ಕುರ್ಚಿಯಲ್ಲಿ ಕೂತರೆ ಇವರು ಪಕ್ಕದಲ್ಲಿ ಬಾಗಿ ನಿಂತರು.

"ನೀವೂ ಕುಂಡರ್ರಿ."

"ಇಲ್ಲ ಇಲ್ಲ, ಹೀಗೇ ಆರಾಮ," ಅಂದರು ಯಜಮಾನರು. ಬೆವರು ಪರದೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾಲೀಕರು ಯಜಮಾನರ ಕೋಟಿನ ತೋಳನ್ನು ಒಂದು ಬೆರಳಿನಿಂದ ಎತ್ತಿದರು. ವಯರು ನೋಡಿದರು. ತೋಳನ್ನು ಮೊದಲಿನಂತೆಯೇ ಸರಿಮಾಡಿ, ಎದ್ದು ನಿಂತು ಕೈಮುಗಿದರು.

"ಮಾಲ್ ಚಲೋ ಐತ್ರಿ. ಖರೆ, ನನಗ ನಲವತ್ತು ಬೇಕು. ನೀವ್ ನೋಡಿದ್ರ ಒಬ್ಬರ ಅದೀರಿ."